ಎತ್ತಬಾರದ ಫೋನು

ಫೋನ್ ರಿಂಗಾದರೆ ಎತ್ತಬಾರದು ಎಂಬ ಶಿಸ್ತನ್ನು ನಾನು ಕಲಿತದ್ದು ಐದನೇ ಕ್ಲಾಸಿನಲ್ಲಿ, ರಾಜಗೋಪಾಲನಗರದ ಒಂದೂವರೆ ಕೋಣೆಯ ಮನೆಯಲ್ಲಿ. ಈಗಲೂ ಮೊದಲ ರಿಂಗಿಗೆ ನನ್ನ ಕೈ ಮುಂದೆ ಹೋಗುವುದಿಲ್ಲ. ಆಫೀಸಿನಲ್ಲಿ ಇದನ್ನು ನನ್ನ ಕೊಬ್ಬು ಎಂದುಕೊಂಡವರಿದ್ದಾರೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇದನ್ನು ನಾಚಿಕೆ ಎಂದುಕೊಂಡಿದ್ದ, ಪಾಪ. ಎರಡೂ ಅಲ್ಲ. ಬೆಳಗ್ಗೆ ಎಂಟರಿಂದ ಎಂಟೂವರೆಯ ನಡುವೆ ಯಾರಾದರೂ ಫೋನ್ ಎತ್ತಿದರೆ ಅಪ್ಪ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ. ಅಂಥ ಮನೆಯಲ್ಲಿ ಬೆಳೆದವಳಿಗೆ ಅಭ್ಯಾಸ ಬಿಡುವುದು ಸುಲಭವಲ್ಲ.

ನಮ್ಮದು ಐದು ಬಾಗಿಲುಗಳ ವಠಾರ. ಕೊನೆಯ ಬಾಗಿಲು ನಮ್ಮದು, ಅದರ ಪಕ್ಕ ಎಲ್ಲರಿಗೂ ಸೇರಿದ ಬಚ್ಚಲು. ಹಾಗಾಗಿ ವಠಾರದಲ್ಲಿ ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡಿದರು, ಯಾರು ಮಾಡಲಿಲ್ಲ ಎಂಬುದು ನಮಗೆ ಕೇಳದೆಯೇ ತಿಳಿಯುತ್ತಿತ್ತು. ಎದುರಿಗೆ ನೀರಿನ ಸಂಪು. ಅದರ ಕಬ್ಬಿಣದ ಮುಚ್ಚಳದ ಮೇಲೆ ಕೂತೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು. ಮಹಡಿಯ ಮೇಲೆ ಓನರ್ ಆಂಟಿ. ಸುತ್ತಲಿನ ಶೆಡ್ಡುಗಳಿಂದ ಕಬ್ಬಿಣ ಕೊರೆಯುವ ಸದ್ದು ದಿನವಿಡೀ ಬರುತ್ತಿತ್ತು, ಅದು ನಿಂತರೆ ಭಾನುವಾರ ಎಂದರ್ಥ. ಕೊಪ್ಪಳದ ಕಡೆಯಿಂದ ಬಂದಿದ್ದ ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಕಬ್ಬಿಣ ಕಡೆಯುವ ಲೇತ್ ಮಿಷಿನ್‌ಗಳಿಗೆ ಫೋರ್‌ಮನ್. ಅವನ ಕೈಕೆಳಗೆ ಏಳು ಜನ. ಅವನ ಅಂಗಿಗೆ ಸದಾ ಮಿಷಿನ್ ಆಯಿಲ್ಲಿನ ವಾಸನೆ. ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಆಯಸ್ಕಾಂತ ನೇತಾಡುತ್ತಿತ್ತು. ಸಂಜೆ ಅಪ್ಪ ಅಂಗಿ ಬಿಚ್ಚಿದ ಕೂಡಲೇ ಅವ್ವ ಅದನ್ನು ಅಂಗಿಯ ಮೇಲೆ, ಪ್ಯಾಂಟಿನ ಮಡಿಕೆಯಲ್ಲಿ, ಚಪ್ಪಲಿಯ ತಳದಲ್ಲಿ ಆಡಿಸುತ್ತಿದ್ದಳು. ಕಬ್ಬಿಣದ ಚೂರುಗಳು ಬಂದು ಅಂಟಿಕೊಂಡು ಆಯಸ್ಕಾಂತಕ್ಕೆ ಗಡ್ಡ ಬಂದಂತಾಗುತ್ತಿತ್ತು. ಹಾಗೆ ಮಾಡದಿದ್ದರೆ ಬಟ್ಟೆ ಒಗೆಯುವಾಗ ಅವಳ ಅಂಗೈಗೆ ಚುಚ್ಚುತ್ತಿದ್ದವು.

ಒಂದು ಸೋಮವಾರ ಅಪ್ಪ ಕೆಲಸಕ್ಕೆ ಹೋದ ಅರ್ಧ ಗಂಟೆಗೇ ಡಬ್ಬಿಯೊಂದಿಗೆ ವಾಪಸು ಬಂದ. ಕಾರ್ಖಾನೆಗೆ ಆರ್ಡರ್ ಬರುವುದು ಕಡಿಮೆಯಾಗಿದೆ ಎಂದು ಕೆಲವು ದಿನಗಳಿಂದ ಹೇಳುತ್ತಿದ್ದ. ಅವತ್ತು ಗೇಟಿಗೆ ಬೀಗ ಬಿದ್ದಿತ್ತು, ಮುಂದಿನ ಸೂಚನೆಯವರೆಗೆ ಕೆಲಸವಿಲ್ಲ ಎಂಬ ಚೀಟಿ ಅಂಟಿಸಿದ್ದರು. ಮಾಲೀಕರು ಫೋನ್ ಎತ್ತುತ್ತಿರಲಿಲ್ಲ. ಸೂಚನೆ ಯಾವಾಗ ಬರುತ್ತದೆ ಎಂದು ಅವ್ವ ಕೇಳಿದಳು. ಅದು ಮುಂದಿನದು, ಬಂದಾಗ ಬರುತ್ತದೆ ಎಂದು ಅಪ್ಪ ಹೇಳಿ, ಡಬ್ಬಿ ಬಿಚ್ಚಿ, ಹನ್ನೆರಡೂವರೆಗೆ ಸರಿಯಾಗಿ ಊಟ ಮಾಡಿದ. ಅಲ್ಲಿಯವರೆಗೆ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕಾಯುತ್ತಾ ಕೂತಿದ್ದ.

ಕೆಲಸವಿಲ್ಲದ ಗಂಡಸು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಅವ್ವ ಹೇಗೋ ಸಹಿಸುತ್ತಿದ್ದಳು. ಅಪ್ಪ ಸುಮ್ಮನೆ ಕೂರಲಿಲ್ಲ, ಅದೇ ಕಷ್ಟವಾದದ್ದು. ಮೂರು ದಿನದೊಳಗೆ ವಠಾರದ ಎಲ್ಲ ಈಳಿಗೆಮಣೆ, ಚಾಕು, ಕತ್ತರಿಗಳನ್ನು ಮಸೆದ. ಐದೂ ಮನೆಯವರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡುವಂತಾಯಿತು. ನನ್ನ ಪೆನ್ಸಿಲ್ಲನ್ನು ಸಾಣೆಕಲ್ಲಿಗೆ ಹಿಡಿದು ಎಷ್ಟು ಚೂಪು ಮಾಡಿದನೆಂದರೆ ಟೀಚರ್ ಅದನ್ನು ಕಿತ್ತುಕೊಂಡು ಮೇಜಿನೊಳಗೆ ಇಟ್ಟುಬಿಟ್ಟರು. ಆಮೇಲೆ ತನ್ನ ಚೀಲದಿಂದ ವರ್ನಿಯರ್ ತೆಗೆದ. ಕಬ್ಬಿಣದ ತುಂಡಿನ ದಪ್ಪವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುವ ಉಪಕರಣ ಅದು. ನಮ್ಮ ಮನೆಯಲ್ಲಿ ಕಬ್ಬಿಣದ ತುಂಡು ಇರಲಿಲ್ಲ. ಅವ್ವನ ಜೋಳದ ರೊಟ್ಟಿ ಇತ್ತು.

"ನಡುವ ಎರಡು ಮಿಲಿಮೀಟರ್ ಐತಿ, ಅಂಚಿಗೆ ಮೂರು. ಒಂದ ಸಮ ಬರವಲ್ದು ನೋಡು."

"ತಿನ್ನಾಕ ಕೊಟ್ಟೀನಿ, ಅಳಿಯಾಕ ಕೊಟ್ಟಿಲ್ಲ."

"ಇಂಥಾ ಮಾಲು ಕಳಿಸಿದ್ರ ಪಾರ್ಟಿ ರಿಜೆಕ್ಟ್ ಮಾಡ್ತಾನ."

"ಪಾರ್ಟಿಗೆ ಇವತ್ತ ರೊಟ್ಟಿ ಇಲ್ಲ ಅಂತ ಹೇಳ್ರಿ."

ಅವ್ವ ತಾಟು ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಅವತ್ತು ಓನರ್ ಆಂಟಿ ಕಳಿಸಿದ್ದ ಚಿತ್ರಾನ್ನ ತಿಂದ. ಅದನ್ನು ಅಳೆಯಲು ಬರುವುದಿಲ್ಲವಾದ್ದರಿಂದ ಅವತ್ತಿಗೆ ಜಗಳ ಅಲ್ಲಿಗೇ ನಿಂತಿತು.

ಅಪ್ಪನಿಗೆ ನಿಜವಾದ ಚಿಂತೆ ರೊಟ್ಟಿಯದಲ್ಲ, ಆ ಏಳು ಜನರದು. ಈರಣ್ಣ ನಮ್ಮ ಕಡೆಯವನೇ, ದಾಸರಹಳ್ಳಿಯ ರೂಮಿನಲ್ಲಿದ್ದುಕೊಂಡು ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋಗತೊಡಗಿದ್ದ. ಇಲ್ಲೇ ಹುಟ್ಟಿ ಬೆಳೆದ ಬಾಷಾ ತನ್ನ ಭಾವನ ಆಟೋ ಓಡಿಸುತ್ತಿದ್ದ. ಕುಣಿಗಲ್ ಕಡೆಯ ಕೆಂಪರಾಜು ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್ ಆಗಿದ್ದ. ಉಳಿದ ನಾಲ್ವರು ದಿನಕ್ಕೊಂದು ಕಡೆ. ಹೀಗೇ ಬಿಟ್ಟರೆ ಒಬ್ಬೊಬ್ಬರೇ ಚದುರಿಹೋಗುತ್ತಾರೆ, ಗೇಟು ತೆಗೆದ ದಿನ ಮಿಷಿನ್ ನಡೆಸಲು ಜನರೇ ಇರುವುದಿಲ್ಲ ಎಂದು ಅಪ್ಪ ಒಳಗೊಳಗೇ ಕುದಿಯುತ್ತಿದ್ದ.

"ಗೇಟು ತೆಗದ ದಿನ ಏಳೂ ಮಂದಿ ಬಾಗಲದಾಗ ನಿಂತಿರಬೇಕು. ಒಬ್ಬ ಇಲ್ಲಂದ್ರ ಒಂದು ಮಿಷಿನ್ ನಿಂತಂಗ," ಎಂದು ಅವ್ವನಿಗೆ ಹೇಳಿದ.

"ಹಂಗಾದ್ರ ದಿನಾ ಹಾಜರಿ ತಗೊಳ್ರಿ," ಎಂದು ಅವ್ವ ತಮಾಷೆ ಮಾಡಿದಳು.

ಅಪ್ಪನಿಗೆ ತಮಾಷೆ ಮಾಡಿ ಗೊತ್ತಿತ್ತೇ ಹೊರತು ಬೇರೆಯವರದು ತಿಳಿಯುತ್ತಿರಲಿಲ್ಲ. ಮರುದಿನವೇ ಉದ್ದನೆಯ ನೋಟ್‌ಬುಕ್ ತಂದ. ಪ್ರತಿಯೊಬ್ಬರೂ ಬೆಳಗ್ಗೆ ನಮ್ಮ ಮನೆಗೆ ಒಂದು ಮಿಸ್ಡ್ ಕಾಲ್ ಕೊಡಬೇಕು, ಕೊಟ್ಟರೆ ಹಾಜರು. ಎತ್ತಿದರೆ ಅವರ ಬ್ಯಾಲೆನ್ಸ್ ಹೋಗುತ್ತದೆ, ಆದ್ದರಿಂದ ಎತ್ತುವಂತಿಲ್ಲ. ಒಂದೇ ತೊಡಕೆಂದರೆ ನಮ್ಮ ಮೊಬೈಲಿನ ಪರದೆ ಸತ್ತುಹೋಗಿತ್ತು. ರಿಂಗಾಗುತ್ತಿತ್ತು, ಮಾತು ಕೇಳಿಸುತ್ತಿತ್ತು, ಯಾರೆಂದು ಮಾತ್ರ ತೋರಿಸುತ್ತಿರಲಿಲ್ಲ. ಅದಕ್ಕೂ ಅಪ್ಪನ ಬಳಿ ಉಪಾಯವಿತ್ತು. ಕಾರ್ಖಾನೆಯಲ್ಲಿ ಮಿಷಿನ್ ಹಂಚುವಂತೆ ಹೊತ್ತನ್ನು ಹಂಚಿದ. ಎಂಟಕ್ಕೆ ಈರಣ್ಣ, ಎಂಟೂ ಐದಕ್ಕೆ ಬಾಷಾ, ಎಂಟೂ ಹತ್ತಕ್ಕೆ ಕೆಂಪರಾಜು, ಹೀಗೆ ಐದೈದು ನಿಮಿಷಕ್ಕೊಬ್ಬರಂತೆ ಎಂಟೂವರೆಗೆ ಏಳನೆಯವನು. ಬಂದವರಿಗೆ 'ಹಾ', ಬಾರದವರಿಗೆ 'ಗೈ'. ಕಾರ್ಖಾನೆಯಲ್ಲಿದ್ದ ನಿಯಮವೂ ಹಾಗೇ ಬಂತು: ತಡವಾದರೂ ಹತ್ತರೊಳಗೆ ಬಂದರೆ ಅರ್ಧ ದಿನ, ಹತ್ತು ದಾಟಿದರೆ ಪೂರ್ತಿ ಗೈರು. ನನ್ನ ಅಕ್ಷರ ದುಂಡಗಿತ್ತಾದ್ದರಿಂದ ಬರೆಯುವ ಕೆಲಸ ನನ್ನದಾಯಿತು.

ಮೊದಲ ದಿನವೇ ಅನಾಹುತ. ಎಂಟಾಯಿತು, ಫೋನ್ ಇಲ್ಲ. ಎಂಟೂ ಐದಾಯಿತು, ಇಲ್ಲ. ಈರಣ್ಣ ಗೈ, ಬಾಷಾ ಗೈ. ಆಮೇಲಿನ ಐವರೂ ತಪ್ಪದೆ ಹಾಜರು. ಎಂಟೂವರೆಗೆ ಮುಗಿಯಿತೆಂದು ಪುಸ್ತಕ ಮುಚ್ಚಿದರೆ ಮತ್ತೆರಡು ರಿಂಗ್ ಬಂದವು. ಕಾರ್ಖಾನೆಯವರಲ್ಲದವರೂ ಇಬ್ಬರು ಸೇರಿಕೊಂಡಿದ್ದಾರೆ, ನೋಡಿ ವಿಚಾರಿಸಿ ಎಂದಳು ಅವ್ವ. ಅಪ್ಪ ಅಷ್ಟು ಕೇಳಲೂ ನಿಲ್ಲದೆ ದಾಸರಹಳ್ಳಿಗೆ ಓಡಿದ. ಈರಣ್ಣ ಊರಿಗೆ ಹೋಗಿಬಿಟ್ಟನೆಂದೇ ಅವನ ಭಯ. ಈರಣ್ಣ ರೂಮಿನಲ್ಲಿ ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಕೂತಿದ್ದ, ಎಂಟಕ್ಕೆ ಸರಿಯಾಗಿ ಹೊಡೆದಿದ್ದೇನೆಂದು ಆಣೆ ಇಟ್ಟ. ಅಲ್ಲಿಂದ ಅಪ್ಪ ಬಾಷಾನನ್ನು ಹುಡುಕಿ, ಅವನದೇ ಆಟೋದಲ್ಲಿ ಕೂತು ಮನೆಗೆ ಬಂದ. ದಾರಿಯುದ್ದಕ್ಕೂ ನಡೆದ ಜಗಳ ವಠಾರದ ಬಾಗಿಲಿಗೆ ಬಂದಾಗಲೂ ಮುಗಿದಿರಲಿಲ್ಲ.

"ಗುರುಗಳೇ, ನಾನ್ ಬಂದಿದ್ದೀನಿ, ಆಟೋ ಓಡಿಸ್ತಿದ್ದೀನಿ, ನೀವೇ ಹಿಂದೆ ಕೂತಿದ್ದೀರ. ಇನ್ನೆಂಗೆ ಗೈರಾಗ್ತೀನಿ?"

"ಪುಸ್ತಕದಾಗ ನೀ ಗೈರು."

ಗುಟ್ಟು ರಟ್ಟು ಮಾಡಿದ್ದು ಅವ್ವ. ಶಿಫ್ಟಿಗೆ ತಡವಾಗಬಾರದೆಂದು ನಮ್ಮ ಗೋಡೆ ಗಡಿಯಾರವನ್ನು ಅಪ್ಪನೇ ಹತ್ತು ನಿಮಿಷ ಮುಂದಿಟ್ಟಿದ್ದ. ಇಟ್ಟು ಎಷ್ಟು ವರ್ಷವಾಗಿತ್ತೆಂದರೆ ಅವನಿಗೇ ಮರೆತುಹೋಗಿತ್ತು. ಈರಣ್ಣನ ಫೋನು ಕೆಂಪರಾಜುವಿನ ಹೆಸರಿಗೆ, ಬಾಷಾನದು ಅವನ ಮುಂದಿನವನ ಹೆಸರಿಗೆ ಜಮೆಯಾಗಿತ್ತು. ಕೂದಲೆಳೆಯ ಲೆಕ್ಕದ ಮನುಷ್ಯನಿಗೆ ಹತ್ತು ನಿಮಿಷದ ತಪ್ಪು! ಬಾಷಾ ನೆಲದ ಮೇಲೆ ಕೂತು ನಕ್ಕ. ಅಪ್ಪ ಸ್ಟೂಲ್ ಹತ್ತಿ ಗಡಿಯಾರ ಸರಿ ಮಾಡಿದ. ನನ್ನ ನೆನಪಿನಲ್ಲಿ ನಮ್ಮ ಮನೆಯ ಗಡಿಯಾರ ಜಗತ್ತಿನ ಜೊತೆ ನಡೆದದ್ದು ಅವತ್ತೇ ಮೊದಲು.

ಆಮೇಲೆ ಹಾಜರಿ ಸುಸೂತ್ರವಾಗಿ ನಡೆಯಿತು. ಬೆಳಗ್ಗೆ ಎಂಟಕ್ಕೆ ಫೋನನ್ನು ಹಲಗೆಯ ಮೇಲಿಟ್ಟು ನಾವು ಮೂವರೂ ಚಹಾ ಹಿಡಿದು ಸುತ್ತ ಕೂರುತ್ತಿದ್ದೆವು. ಬೈದುಕೊಳ್ಳುತ್ತಲೇ ಕೂತ ಅವ್ವನಿಗೆ ಬರಬರುತ್ತಾ ರಿಂಗಿನ ಗುಣವೇ ತಿಳಿಯತೊಡಗಿತು. ಈರಣ್ಣ ಎರಡು ರಿಂಗ್ ಬಿಡುತ್ತಾನೆ, ಧಾರಾಳಿ. ಕೆಂಪರಾಜು ಒಂದು ರಿಂಗನ್ನೂ ಪೂರ್ತಿ ಬಿಡುವುದಿಲ್ಲ, ಅವ್ವನ ಎದೆ ಹೊಡೆದುಕೊಳ್ಳುವ ಮುಂಚೆ ಕತ್ತರಿಸುತ್ತಾನೆ. "ಇವತ್ತ ಯಾಕೋ ಸಪ್ಪಗ ಹೊಡದ ನೋಡ್ರಿ, ಉಂಡಾನೋ ಇಲ್ಲೋ," ಎಂದು ಅವ್ವ ಹೇಳಿದರೆ ಅಪ್ಪ ಸಂಜೆ ಅತ್ತ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದ. ಎರಡು ಸಲ ಅವಳ ಮಾತು ನಿಜವಾಗಿತ್ತು. ನಾಲ್ಕು ಸಲ ಸುಳ್ಳಾಗಿತ್ತು, ಆದರೆ ನಾಲ್ಕು ಸಲವೂ ಅವರು ಖುಷಿಪಟ್ಟಿದ್ದರು.

ಹೀಗಿರುವಾಗ ಒಂದು ದಿನ ಎಂಟೂ ಹತ್ತರ ಫೋನು ನಿಲ್ಲದೆ ಬಡಿದುಕೊಂಡಿತು. ಕೆಂಪರಾಜು ಇವತ್ತು ಭಾರೀ ಹುರುಪಿನಲ್ಲಿದ್ದಾನೆ ಎಂದು ಅವ್ವ ಹೇಳಿದಳು, ನಾನು 'ಹಾ' ಬರೆದೆ. ಮರುದಿನ ಈರಣ್ಣ ಹುರುಪಿನಲ್ಲಿದ್ದ, ಅದರ ಮರುದಿನ ಬಾಷಾ. ನಾಲ್ಕನೆಯ ದಿನ ಬಾಗಿಲಲ್ಲಿ ನನ್ನ ಸೋದರಮಾವ ನಿಂತಿದ್ದ. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮಾವ ಗಿರಣಿ ತೆರೆಯುವ ಮುಂಚೆ, ಎಂಟರ ಸುಮಾರಿಗೆ, ತಂಗಿಗೆ ಫೋನ್ ಮಾಡಿದ್ದ. ಆ ಹೊತ್ತಿನವರಿಗೆ ಲೈನ್ ಬಿಜಿ ಬಂದಿತ್ತು, ನಾವು ಮಾವನ ರಿಂಗಿಗೇ 'ಹಾ' ಬರೆದಿದ್ದೆವು. ಮೂರು ದಿನ ಯಾರೂ ಎತ್ತದಿದ್ದಾಗ ಸಿಕ್ಕ ಬಸ್ಸು ಹತ್ತಿದ್ದ.

"ಏನೋ ಆಗೇತಿ ಅಂತ ಜೀವಾ ಕೈಯಾಗ ಹಿಡಕೊಂಡು ಬಂದ್ರ ಎಲ್ಲಾರೂ ಚಾ ಕುಡಿಯಾಕತ್ತೀರಿ! ಫೋನ್ ಯಾಕ ಎತ್ತಲಿಲ್ಲವಾ?"

"ಎತ್ತಿದ್ರ ಹಾಜರಿ ಕೆಡತಿತ್ತು ಅಣ್ಣ," ಎಂದಳು ಅವ್ವ.

ಮಾವ ಅವಳ ಮುಖವನ್ನೇ ನೋಡಿದ. ಆಮೇಲೆ ಅಪ್ಪನನ್ನು ನೋಡಿದ. ಅಪ್ಪ ಬಾಗಿಲಿನ ಸಂದಿಗೆ ವರ್ನಿಯರ್ ಹಿಡಿದಿದ್ದ. ಮಾವ ಒಳ್ಳೆಯವನು, ಬೈಯಲಿಲ್ಲ. ಊಟವಾದ ಮೇಲೆ ಮೆತ್ತಗೆ ಹೇಳಿದ: ಗಿರಣಿ ನೋಡಿಕೊಳ್ಳಲು ನಂಬಿಕೆಯ ಜನ ಬೇಕು, ನಮ್ಮ ಮನೆಯ ಪಕ್ಕವೇ ಎರಡು ಕೋಣೆ ಖಾಲಿ ಇದೆ, ದಸರಾ ರಜೆ ಶುರುವಾಗುವ ಶನಿವಾರ ಟೆಂಪೊ ತರುತ್ತೇನೆ. ಅಷ್ಟರೊಳಗೆ ಗೇಟು ತೆಗೆಯುತ್ತಾರೆ ಎಂದ ಅಪ್ಪ. ತೆಗೆಯದಿದ್ದರೆ ಹೋಗೋಣ ಎಂದಳು ಅವ್ವ. ಅಪ್ಪ ತಲೆಯಾಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ನನಗೆ ನನ್ನ ಶಾಲೆ, ನನ್ನ ಸಂಪಿನ ಮುಚ್ಚಳ, ನನ್ನ ಪುಸ್ತಕದ ಏಳು ಹೆಸರು ಬಿಟ್ಟು ಹೋಗುವುದು ಸುತರಾಂ ಬೇಕಿರಲಿಲ್ಲ. ಗೇಟು ತೆಗೆಯಲಪ್ಪಾ ಎಂದು ದಿನವೂ ದೇವರಿಗೆ ಕೈಮುಗಿಯತೊಡಗಿದೆ.

ಅವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು. ತುಂಬಿದ ಮೇಲೆ ಅಡುಗೆ ಮಾಡಬೇಕಲ್ಲ, ದಿನವೂ ಚೀಲದೊಳಗೆ ಕೈ ಹಾಕಿ ಒಂದೊಂದೇ ತೆಗೆಯುತ್ತಿದ್ದಳು, ತೊಳೆದು ಮತ್ತೆ ತುಂಬುತ್ತಿದ್ದಳು. ಒಗ್ಗರಣೆ ಸೌಟು ಯಾವಾಗಲೂ ತಳದಲ್ಲೇ ಇರುತ್ತಿತ್ತು. ಒಂದು ಸಂಜೆ ಅವಳು ಮೊಳೆಯಿಂದ ಆಯಸ್ಕಾಂತ ತೆಗೆದು ಅಪ್ಪನ ಅಂಗಿಯ ಮೇಲೆ ಆಡಿಸಿದ್ದನ್ನು ನಾನು ನೋಡಿದೆ. ಒಂದು ಚೂರೂ ಅಂಟಲಿಲ್ಲ. ಅವಳು ಅದನ್ನು ಚೀಲಕ್ಕೆ ಹಾಕಲು ಹೋಗಿ, ಹಾಕದೆ, ಮತ್ತೆ ಮೊಳೆಗೇ ಸಿಕ್ಕಿಸಿದಳು.

ಆ ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಮಂಗಳವಾರ ಮಧ್ಯಾಹ್ನ ಎಂದಿನಂತೆ ಗೇಟು ನೋಡಲು ಹೋದ ಅಪ್ಪ ತಡವಾಗಿ ಬಂದ. ಅಂಗಿ ಮಣ್ಣಾಗಿತ್ತು.

"ಗೇಟು ತೆಗದಿದ್ರು," ಎಂದ.

ನಾನು ಕುಣಿದುಬಿಟ್ಟೆ. ಅಪ್ಪ ನನ್ನ ಕಡೆ ನೋಡಲಿಲ್ಲ.

"ಮಿಷಿನ್ ಮಾರಾಕತ್ತಾರ. ನನ್ನ ಲೇತ್ ಲಾರಿ ಹತ್ತಿತು. ಹಗ್ಗ ತಪ್ಪು ಕಟ್ಟಿದ್ರು, ದಾರ್ಯಾಗ ಉರುಳತಿತ್ತು. ನಾನ ಬಿಚ್ಚಿ ಸರಿಯಾಗಿ ಕಟ್ಟಿ ಕಳಿಸಿದ್ನಿ."

ಇಷ್ಟು ಹೇಳಿ ಕೈತೊಳೆದು, ವರ್ನಿಯರ್ ಅನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ರಾತ್ರಿ ರೊಟ್ಟಿ ಎಷ್ಟು ದಪ್ಪವಿದ್ದರೂ ಏನೂ ಹೇಳದೆ ತಿಂದ. ಅವನು ಹಾಗೆ ಸುಮ್ಮನೆ ತಿಂದದ್ದು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಅಪ್ಪ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಕೌದಿ ತಲೆಯ ಮೇಲೆಳೆದು ಮಲಗಿದ್ದ. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಅವ್ವ ಹೋಗಿ ಅಲುಗಾಡಿಸಿದಳು.

"ಏಳ್ರಿ, ಹಾಜರಿ ಹೊತ್ತಾತು."

"ಇನ್ನ ಯಾತರ ಹಾಜರಿ," ಎಂದಿತು ಕೌದಿ.

ಎಂಟಾಯಿತು. ಫೋನ್ ರಿಂಗಾಯಿತು. ಅವ್ವ ಒಮ್ಮೆ ಫೋನನ್ನು, ಒಮ್ಮೆ ಕೌದಿಯನ್ನು ನೋಡಿದಳು. ಈರಣ್ಣನ ಎರಡನೆಯ ರಿಂಗ್ ಮುಗಿಯುವುದರೊಳಗೆ ಎತ್ತಿಬಿಟ್ಟಳು. ನನ್ನ ಬಾಯಿ ತೆರೆದಂತೆಯೇ ಉಳಿಯಿತು. ಆ ಕಡೆ ಈರಣ್ಣನಿಗೂ ಹಾಗೇ ಆಗಿರಬೇಕು.

"ವೈನೀ! ಎತ್ತಿಬಿಟ್ರಲ್ಲ!"

"ಎತ್ತೀನಿ. ಇವತ್ತ ನಿಮ್ಮ ಫೋರ್‌ಮನ್ ಗೈರು."

ಏಳು ಸಲ ರಿಂಗಾಯಿತು, ಏಳು ಸಲವೂ ಅವ್ವ ಎತ್ತಿ ಅದೇ ಮಾತು ಹೇಳಿದಳು. ಜೊತೆಗೆ ಲೇತ್ ಲಾರಿ ಹತ್ತಿದ ಸುದ್ದಿಯನ್ನೂ ಹೇಳಿದಳು. ಕೆಂಪರಾಜು ಮಾತ್ರ, ರಜಾ ಚೀಟಿ ಏನಾರ ಕೊಟ್ಟವ್ರಾ ಅಕ್ಕಾ ಎಂದು ಕೇಳಿದನಂತೆ.

ಒಂಬತ್ತೂವರೆಯ ಹೊತ್ತಿಗೆ ನಮ್ಮ ಒಂದೂವರೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಈರಣ್ಣ ಮಾರ್ಕೆಟ್ಟಿನಿಂದ ನೇರವಾಗಿ ಬಂದಿದ್ದ, ಹೆಗಲ ಮೇಲೆ ಹೂಕೋಸಿನ ಎಲೆ ಹಾಗೇ ಇತ್ತು. ಕೆಂಪರಾಜು ಯೂನಿಫಾರ್ಮಿನಲ್ಲಿ, ಕೊರಳಲ್ಲಿ ಸೀಟಿ. ಬಾಷಾ ಆಸ್ಪತ್ರೆಗೆ ಬಂದವನಂತೆ ಒಂದು ಪೌಂಡ್ ಬ್ರೆಡ್ಡು ಹಿಡಿದುಕೊಂಡು ಬಂದಿದ್ದ. ಇಷ್ಟು ಗಂಡಸರು ಒಟ್ಟಿಗೆ ಬಂದದ್ದು ನೋಡಿ ಓನರ್ ಆಂಟಿ ಮೆಟ್ಟಿಲು ಇಳಿದು ಓಡಿಬಂದರು.

"ಅಯ್ಯೋ, ಯಾರ್ಗೇನಾಯ್ತು?"

"ನಮ್ ಪೋರ್‌ಮನ್ ಗೈರು ಮೇಡಂ," ಎಂದ ಕೆಂಪರಾಜು, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ.

ಅಪ್ಪ ಕೌದಿಯೊಳಗಿಂದಲೇ ಮಾತಾಡಿದ. ಗೇಟು ಇನ್ನು ತೆಗೆಯುವುದಿಲ್ಲ, ಮಿಷಿನ್ ಎಲ್ಲ ಹೋಯಿತು, ನಿಮ್ಮನ್ನು ಇಷ್ಟು ದಿನ ಸುಮ್ಮನೆ ಕಟ್ಟಿಹಾಕಿದ್ದು ನನ್ನ ತಪ್ಪು, ನಾಳೆಯಿಂದ ಯಾರೂ ಫೋನ್ ಮಾಡಬೇಡಿ ಎಂದ. ಕೆಂಪರಾಜು ಕೊರಳಿನ ಸೀಟಿಯನ್ನು ತಿರುವುತ್ತಾ ನಿಂತಿದ್ದ. ಆಮೇಲೆ ಹೇಳಿದ:

"ಓಗ್ಲಿ ಬಿಡಣ್ಣ. ನಾನೇನು ಮಿಸಿನ್‌ಗಾ ಪೋನ್ ಮಾಡ್ತಿದ್ದಿದ್ದು?"

ನನಗೆ ಅಳು ಬಂತು. ಅಳುವನ್ನು ಮುಚ್ಚಿಕೊಳ್ಳಲು ಪುಸ್ತಕ ತೆರೆದೆ. ಅಪ್ಪನ ಹೆಸರೇ ಅದರಲ್ಲಿರಲಿಲ್ಲ. ಹಾಜರಿ ತೆಗೆದುಕೊಳ್ಳುವವನಿಗೆ ಹಾಜರಿ ಯಾಕೆ ಎಂದು ಯಾರಿಗೂ ಹೊಳೆದಿರಲಿಲ್ಲ. ಏನು ಬರೆಯಲಿ ಎಂದು ಅವ್ವನನ್ನು ಕೇಳಿದೆ.

"ಎಂಟನೇ ಹೆಸರು ಹಾಕು. ಮುಂದ ಗೈ ಅಂತ ಬರಿ."

ಕೌದಿ ಅಲುಗಾಡಿತು. ಅಪ್ಪ ಮೊಣಕೈ ಊರಿ ತಲೆ ಎತ್ತಿದ. ಕಣ್ಣು ಕೆಂಪಗಿತ್ತು.

"ಟೈಮ್ ಎಷ್ಟು?"

"ಒಂಬತ್ತೂ ಐವತ್ತೇಳು ಗುರುಗಳೇ!" ಎಂದು ಬಾಷಾ ಕೂಗಿದ. "ಇನ್ನ ಮೂರು ನಿಮಿಷ ಐತೆ, ಏಳ್ರೀ, ಅರ್ಧ ದಿನ ಸಿಗತ್ತೆ!"

ಎಲ್ಲರೂ ಕೂಗತೊಡಗಿದರು. ಈರಣ್ಣ ಕೌದಿ ಎಳೆದ, ಯಾರೋ ಅಂಗಿ ಎಸೆದರು, ಕೆಂಪರಾಜು ಸೀಟಿ ಊದಿಯೇಬಿಟ್ಟ. ನನ್ನಪ್ಪ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡು ಗಡಿಯಾರದ ಕೆಳಗೆ ನೆಟ್ಟಗೆ ನಿಂತಾಗ ಹತ್ತಕ್ಕೆ ಇನ್ನೂ ಒಂದು ನಿಮಿಷವಿತ್ತು. ಗಡಿಯಾರ ಮುಂದಿಲ್ಲ ತಾನೇ ಎಂದು ನನ್ನನ್ನು ಕೇಳಿ ಖಚಿತಪಡಿಸಿಕೊಂಡ. ನಾನು ಗೈ ಹೊಡೆದು ಹಾಕಿ ಅರ್ಧ ದಿನ ಎಂದು ಬರೆದೆ.

ಅಷ್ಟು ಜನಕ್ಕೆ ಉಪ್ಪಿಟ್ಟು ಮಾಡಲು ಅವ್ವ ಗೋಣಿಚೀಲಗಳನ್ನು ನೆಲಕ್ಕೆ ಬೋರಲು ಹಾಕಬೇಕಾಯಿತು. ಒಗ್ಗರಣೆ ಸೌಟು ಮೊದಲ ಬಾರಿಗೆ ಮೇಲೆ ಬಂತು. ಬಾಷಾನ ಬ್ರೆಡ್ಡನ್ನೂ ಅಪ್ಪ ತಿಂದ, ತುಂಡುಗಳು ಒಂದೇ ಸಮ ಇವೆ ಎಂದು ಹೊಗಳಿ ಅವ್ವನಿಂದ ಬೈಸಿಕೊಂಡ. ಎಲ್ಲರೂ ಹೋದ ಮೇಲೆ ಅವ್ವ ಪಾತ್ರೆಗಳನ್ನು ತೊಳೆದು ಚೀಲಕ್ಕೆ ತುಂಬದೆ ಹಲಗೆಯ ಮೇಲೆ ಜೋಡಿಸಿದಳು. ಅವತ್ತು ಶಾಲೆಗೆ ಹೋಗದ ನಾನು ಒಂದೊಂದನ್ನೇ ಒರೆಸಿಕೊಟ್ಟೆ. ಮಧ್ಯಾಹ್ನ ಅವಳು ಮಾವನಿಗೆ ಫೋನ್ ಮಾಡಿದಳು.

"ಟೆಂಪೊ ಬ್ಯಾಡ ಅಣ್ಣ. ಪಾತ್ರಿ ಎಲ್ಲಾ ಹೊರಗ ಬಂದಾವ."

ಆಮೇಲೆ ಅಪ್ಪ ಇನ್ನೊಂದು ಶೆಡ್ಡಿಗೆ ಸೇರಿದ, ಆಯಸ್ಕಾಂತಕ್ಕೆ ಮತ್ತೆ ಗಡ್ಡ ಬಂತು. ಏಳು ಜನ ಏಳು ಕಡೆ ಕೆಲಸಕ್ಕೆ ಹೋದರೂ ಹಾಜರಿ ಎಷ್ಟೋ ವರ್ಷ ನಡೆಯಿತು. ಆದರೆ ಆ ಬುಧವಾರ ಇದಾವುದೂ ನಮಗೆ ಗೊತ್ತಿರಲಿಲ್ಲ. ಅಪ್ಪ ನಾಳೆ ಏಳುತ್ತಾನೋ ಇಲ್ಲವೋ ಎಂಬುದೊಂದೇ ನಮ್ಮಿಬ್ಬರ ಚಿಂತೆಯಾಗಿತ್ತು.

ಗುರುವಾರ ನನಗೆ ಎಚ್ಚರವಾದಾಗ ಕೌದಿ ಮಡಿಸಿಟ್ಟಿತ್ತು. ಅಪ್ಪ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ. ಎಲ್ಲಿಗೆ ಹೋದನೆಂದು ಅವ್ವನಿಗೂ ಗೊತ್ತಿರಲಿಲ್ಲ. ಎಂಟಕ್ಕೆ ನಾವಿಬ್ಬರೇ ಫೋನಿನ ಮುಂದೆ ಕೂತೆವು. ಏಳೂ ರಿಂಗ್ ಬಂದವು, ಏಳು 'ಹಾ' ಬರೆದೆ. ಎಂಟನೆಯ ಹೆಸರಿನ ಮುಂದೆ ಪೆನ್ನು ಹಿಡಿದು ಕೂತೆ. ಅವ್ವನ ಚಹಾ ಆರಿಹೋಗಿತ್ತು.

ಎಂಟೂ ಮೂವತ್ತೈದಕ್ಕೆ ಸರಿಯಾಗಿ ಫೋನ್ ರಿಂಗಾಯಿತು. ಅವ್ವ ಚಟ್ಟನೆ ಎದ್ದು ಕಿಟಕಿಗೆ ಹೋದಳು, ನಾನೂ ಹೋದೆ. ಎದುರಿನ ಮೆಟ್ಟಿಲ ಮೇಲೆ ಅಪ್ಪ ನಿಂತಿದ್ದ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಕಾರ್ಖಾನೆಯ ಯೂನಿಫಾರ್ಮ್ ಹಾಕಿಕೊಂಡು, ಓನರ್ ಆಂಟಿಯ ಫ್ಲಿಪ್ ಕವರಿನ ಫೋನನ್ನು ಕಿವಿಗೆ ಹಿಡಿದು ನಮ್ಮ ಬಾಗಿಲನ್ನೇ ನೋಡುತ್ತಿದ್ದ. ನಾನು ಸಂತೋಷಕ್ಕೆ ಹಿಂದೆ ಓಡಿ ಫೋನಿಗೆ ಕೈಹಾಕಿದೆ.

ಅವ್ವ ನನ್ನ ಕೈಗೆ ಫಟ್ಟನೆ ಹೊಡೆದಳು.

"ಎತ್ತಬ್ಯಾಡ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಹಾ ಅಂತ ಬರಿ."